ಜಿಗಿತಕ್ಕೆ ಜಾಗ ಬಿಟ್ಟ ಸ್ವರ

'ಸೂಪರ್ ಮಾರಿಯೋ ಬ್ರದರ್ಸ್' ಆಟದ ಮೊದಲ ಹಂತ ಹಾಕಿಕೊಂಡು ಮಾರಿಯೋನನ್ನು ಸುಮ್ಮನೆ ನಿಲ್ಲಿಸಿ, ಸಂಗೀತವನ್ನಷ್ಟೇ ಕೇಳಿ. ಆಮೇಲೆ ಅವನನ್ನು ಒಂದೇ ಸಮನೆ ಜಿಗಿಸುತ್ತಾ ಕೇಳಿ. ಎರಡನೇ ಸಲ ಹಾಡಿನಿಂದ ಏನೋ ಕಳಚಿಕೊಂಡಿರುತ್ತದೆ. ಜೋಡಿಯಾಗಿ ಸಾಗುತ್ತಿದ್ದ ಎರಡು ದನಿಗಳಲ್ಲಿ ಒಂದು ಪ್ರತಿ ಜಿಗಿತಕ್ಕೂ ಕಾಣೆಯಾಗಿ, ಜಿಗಿತದ ಸದ್ದು ಮುಗಿದ ಮೇಲೆ ಮರಳಿ ಸೇರಿಕೊಳ್ಳುತ್ತದೆ. ಆ ಯಂತ್ರದಲ್ಲಿ ಅಂಥ ನಾದ ಹೊರಡಿಸಬಲ್ಲ ಚಾನೆಲ್‌ಗಳು ಇದ್ದದ್ದೇ ಎರಡು. ಜಿಗಿತದ ಸದ್ದಿಗೆ ಒಂದನ್ನು ಬಿಟ್ಟುಕೊಡಬೇಕು, ನಾಣ್ಯದ ಸದ್ದಿಗೆ ಇನ್ನೊಂದನ್ನು.

ಕೋಜಿ ಕೊಂಡೊ 1985ರ ಈ ಆಟಕ್ಕೆ ಬರೆದ ಸಂಗೀತ 2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಕಾಪಿಡುವ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಆ ಗೌರವ ಪಡೆದ ಮೊದಲ ವಿಡಿಯೋ ಗೇಮ್ ಸಂಗೀತ ಅದು. ಆದರೆ ಮೂಲ ಕಾರ್ಟ್ರಿಜ್‌ನಲ್ಲಿ ಮುದ್ರಿಸಿದ ಧ್ವನಿ ಎಂಬುದು ಒಂದು ಚೂರೂ ಇರಲಿಲ್ಲ. ಚಿತ್ರ, ಆಟದ ನಿಯಮ, ಸಂಗೀತ ಎಲ್ಲ ಸೇರಿ 40 ಕಿಲೋಬೈಟ್. ಅದರಲ್ಲಿ ಇದ್ದದ್ದು ಸೂಚನೆಗಳು: ಇಂಥ ಚಾನೆಲ್, ಇಂಥ ಶ್ರುತಿ, ಇಷ್ಟು ಹೊತ್ತು. ಯಂತ್ರ ಅವನ್ನು ಓದಿ ಪ್ರತಿ ಸಲವೂ ಹೊಸದಾಗಿ ನುಡಿಸುತ್ತಿತ್ತು. ಹಳೆಯ ಗೇಮ್ ಸಂಗೀತ ಯಾಕೆ ಹಾಗೆ ಕೇಳಿಸುತ್ತದೆ ಎಂಬುದಕ್ಕೆ ಬಹುಪಾಲು ಉತ್ತರ ಇಲ್ಲೇ ಇದೆ.

ಮಾರಿಯೋ ಓಡಾಡಿದ ಆ ಯಂತ್ರ, ಜಪಾನಿನಲ್ಲಿ 1983ರಲ್ಲಿ ಬಂದ ಫ್ಯಾಮಿಕಾಂನ ಚಿಪ್‌ನಲ್ಲಿ ಐದು ಚಾನೆಲ್‌ಗಳಿದ್ದವು. ಎರಡು ಪಲ್ಸ್ (ಥಟ್ಟನೆ ಮೇಲೇರಿ ಥಟ್ಟನೆ ಕೆಳಗಿಳಿಯುವ ಅಲೆ; ಮೊದಲು ಹೇಳಿದ ಜೋಡಿದನಿಗಳು ಇವೇ), ಒಂದು ತ್ರಿಕೋನ ಅಲೆ, ಒಂದು ಗದ್ದಲ, ಚಿಕ್ಕಪುಟ್ಟ ಧ್ವನಿತುಣುಕುಗಳಿಗೆ ಇನ್ನೊಂದು. ಪಲ್ಸ್ ಚಾನೆಲ್‌ಗೆ ದನಿ ಏರಿಸಿ ಇಳಿಸಲು 16 ಮಟ್ಟಗಳಿದ್ದವು. ಅಲೆ ಎಷ್ಟು ಹೊತ್ತು 'ಮೇಲೆ' ಇರಬೇಕು ಎಂಬುದನ್ನು ಶೇಕಡಾ 12.5, 25, 50, 75 ಎಂದು ಆರಿಸಿಕೊಳ್ಳಬಹುದಿತ್ತು. 12.5ರಲ್ಲಿ ದನಿ ತೆಳ್ಳಗೆ, ಮೂಗಿನಿಂದ ಹೊರಟಂತೆ. 50ರಲ್ಲಿ ಟೊಳ್ಳು ಕೊಳವೆಯ ತುಂಬುದನಿ. 75 ಮತ್ತು 25 ಕಿವಿಗೆ ಒಂದೇ. ತ್ರಿಕೋನದ ಚಾನೆಲ್‌ಗೆ ದನಿ ಏರಿಸುವ, ಇಳಿಸುವ ಸೌಲಭ್ಯವೇ ಇಲ್ಲ, ನುಡಿಯುತ್ತದೆ ಅಥವಾ ಸುಮ್ಮನಿರುತ್ತದೆ. ಆದರೆ ಪಲ್ಸ್‌ಗಿಂತ ಒಂದು ಸ್ಥಾಯಿ ಕೆಳಗಿಳಿಯುತ್ತದೆ. ಹಾಗಾಗಿ ಮಂದ್ರದ ಕೆಲಸವೆಲ್ಲ ಅದರ ಪಾಲಿಗೆ ಬಂತು. ಅದೇ ಚಾನೆಲ್‌ನ ಶ್ರುತಿಯನ್ನು ಕ್ಷಣಾರ್ಧದಲ್ಲಿ ಮೇಲಿಂದ ಕೆಳಕ್ಕೆ ಜಾರಿಸಿದರೆ 'ಧಪ್' ಎಂಬ ಡ್ರಮ್ ಸದ್ದು; ಹಲವು ಆಟಗಳ ತಾಳ ಹುಟ್ಟಿದ್ದು ಹೀಗೆ.

ಶ್ರುತಿಯ ವಿಷಯದಲ್ಲಿ ಈ ಚಿಪ್ ಕಾಡುತ್ತಿತ್ತು. ಅದರ ಗಡಿಯಾರದ ವೇಗ ಸೆಕೆಂಡಿಗೆ ಸುಮಾರು 17,89,773 ಬಡಿತ. ಇದನ್ನು 16ರಿಂದ ಭಾಗಿಸಿ, ಬಂದದ್ದನ್ನು ಮತ್ತೊಂದು ಪೂರ್ಣಸಂಖ್ಯೆಯಿಂದ ಭಾಗಿಸಿದರೆ ಪಲ್ಸ್‌ನ ಆವರ್ತನ ಸಿಗುತ್ತದೆ. 440 ಹರ್ಟ್ಸ್ ಬೇಕೆಂದರೆ 254ರಿಂದ ಭಾಗಿಸಿ, 440.4 ಬರುತ್ತದೆ, ಯಾರ ಕಿವಿಗೂ ತಿಳಿಯದ ವ್ಯತ್ಯಾಸ. ಮೂರು ಸ್ಥಾಯಿ ಮೇಲಕ್ಕೆ, 3520 ಹರ್ಟ್ಸ್‌ಗೆ ಹೋಗಿ. 32ರಿಂದ ಭಾಗಿಸಿದರೆ ಸುಮಾರು 3496, 31ರಿಂದ ಭಾಗಿಸಿದರೆ 3608. ನಡುವೆ ಬೇರೆ ಮೆಟ್ಟಿಲೇ ಇಲ್ಲ. ಮೇಲಿನ ಸ್ವರಗಳು ಅಪಸ್ವರದತ್ತ ವಾಲುವುದು ಖಚಿತ. ಕೆಳಗಡೆ ಪಲ್ಸ್ ಸುಮಾರು 54.6 ಹರ್ಟ್ಸ್‌ಗೆ ನಿಂತುಬಿಡುತ್ತದೆ. ಅಷ್ಟು ಚೆಂದದ ಧಾಟಿಗಳೆಲ್ಲ ಮಧ್ಯದ ಸ್ಥಾಯಿಗಳಲ್ಲೇ ಓಡಾಡಲು ಅಭಿರುಚಿಯ ಜೊತೆಗೆ ಈ ಲೆಕ್ಕವೂ ಒಂದು ಕಾರಣ.

ಧ್ವನಿತುಣುಕಿನ ಐದನೇ ಚಾನೆಲ್‌ನದು ಬೇರೆಯೇ ಕಾಟ. ತುಣುಕು ನುಡಿಯುತ್ತಿರುವಾಗ ಚಿಪ್ ಆಗಾಗ ಮುಖ್ಯ ಸಂಸ್ಕಾರಕವನ್ನು ತಡೆದು ಮೆಮರಿಯಿಂದ ಮುಂದಿನ ಬೈಟ್ ಎಳೆದುಕೊಳ್ಳುತ್ತದೆ. ಅದೇ ಗಳಿಗೆಯಲ್ಲಿ ಸಂಸ್ಕಾರಕ ಜಾಯ್‌ಪ್ಯಾಡ್ ಓದುತ್ತಿದ್ದರೆ ಒಂದು ಬಿಟ್ ಕಳೆದುಹೋಗಿ, ಒತ್ತದ ಗುಂಡಿ ಒತ್ತಿದಂತೆ ಕಾಣುತ್ತದೆ. ಡ್ರಮ್ ಬಾರಿಸಿದ್ದಕ್ಕೆ ನಾಯಕ ತಪ್ಪು ದಿಕ್ಕಿಗೆ ತಿರುಗಬಹುದು! 1988ರ 'ಸೂಪರ್ ಮಾರಿಯೋ ಬ್ರದರ್ಸ್ 3'ರ ತುಂಬ ಇಂಥ ಡ್ರಮ್ ತುಣುಕುಗಳಿವೆ. ಅದಕ್ಕೇ ಆ ಆಟ ಜಾಯ್‌ಪ್ಯಾಡನ್ನು ಮತ್ತೆ ಮತ್ತೆ ಓದಿ, ಸತತ ಎರಡು ಓದು ಒಂದೇ ಆಗಿದ್ದರೆ ಮಾತ್ರ ನಂಬುತ್ತದೆ.

ಸೂಚನೆಗಳನ್ನು ಓದುವ ಪ್ರೋಗ್ರಾಂ ಸಾಮಾನ್ಯವಾಗಿ ಟಿವಿ ಪರದೆಯ ಪ್ರತಿ ಚೌಕಟ್ಟಿಗೆ ಒಮ್ಮೆ ಓಡುತ್ತಿತ್ತು. ಜಪಾನ್, ಅಮೆರಿಕಗಳಲ್ಲಿ ಸೆಕೆಂಡಿಗೆ 60 ಸಲ, ಯುರೋಪಿನಲ್ಲಿ 50 ಸಲ. ತಿದ್ದದೆ ಹಾಗೇ ಯುರೋಪಿಗೆ ಕಳಿಸಿದ ಆಟಗಳ ಸಂಗೀತ ಆರನೇ ಒಂದು ಭಾಗ ನಿಧಾನವಾಯಿತು. ಅಲ್ಲಿನ ಯಂತ್ರದ ಗಡಿಯಾರವೂ ನಿಧಾನವಾದ್ದರಿಂದ ಶ್ರುತಿಯೂ ಒಂದು ಸ್ವರಸ್ಥಾನಕ್ಕಿಂತ ಹೆಚ್ಚು ಇಳಿಯಿತು. ಒಂದೇ ಹಾಡಿನ ಬಗ್ಗೆ ಎರಡು ಖಂಡಗಳ ಆಟಗಾರರ ನೆನಪು ಬೇರೆ ಬೇರೆಯಾಗಿರುವುದು ಇದರಿಂದಲೇ.

1982ರ ಕಮೊಡೋರ್ 64 ಕಂಪ್ಯೂಟರ್‌ಗೆ ಬಾಬ್ ಯಾನಸ್ ವಿನ್ಯಾಸ ಮಾಡಿದ ಎಸ್ಐಡಿ ಚಿಪ್‌ನಲ್ಲಿ ದನಿಗಳು ಮೂರೇ, ಆದರೆ ಪ್ರತಿಯೊಂದೂ ಶ್ರೀಮಂತ. ರಾಬ್ ಹಬರ್ಡ್, ಮಾರ್ಟಿನ್ ಗಾಲ್ವೆ ಅವರಂಥ ಸಂಗೀತಗಾರರು ಒಂದೇ ದನಿಯಲ್ಲಿ ಮೂರು ಸ್ವರಗಳನ್ನು ಸೆಕೆಂಡಿಗೆ 50 ಬದಲಾವಣೆಯ ವೇಗದಲ್ಲಿ ಸುತ್ತಿಸುತ್ತಿದ್ದರು. ಇಡೀ ಸ್ವರಗುಚ್ಛ ಸೆಕೆಂಡಿಗೆ ಸುಮಾರು 17 ಸಲ ಸುತ್ತುತ್ತದೆ, ಕಿವಿ ಅದನ್ನು ಗುಳುಗುಳಿಸುವ ಒಂದೇ ನಾದವಾಗಿ ಹಿಡಿಯುತ್ತದೆ. 'ಎಂಟು ಬಿಟ್ ಸಂಗೀತ' ಎಂದಾಕ್ಷಣ ನೆನಪಾಗುವ ಮಿನುಗು ಇದೇ. ಸೆಗಾ ಕಂಪನಿಯ ಆಟದ ಯಂತ್ರ ಮೆಗಾ ಡ್ರೈವ್‌ನದು ಇನ್ನೊಂದು ದಾರಿ: ಒಂದು ಅಲೆ ಮತ್ತೊಂದರ ಆವರ್ತನವನ್ನು ಅಲುಗಾಡಿಸಿ ಲೋಹದಂಥ ನಾದ ಹುಟ್ಟಿಸುವ ಎಫ್ಎಂ ವಿಧಾನ. ಯುಜೊ ಕೊಶಿರೊ 1991ರ 'ಸ್ಟ್ರೀಟ್ಸ್ ಆಫ್ ರೇಜ್' ಆಟದ ಕ್ಲಬ್ ಸಂಗೀತವನ್ನು ತಮಗೆ ಬೇಕಾದಂತೆ ತಿದ್ದಿಕೊಂಡ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಅಕ್ಷರ ಅಂಕಿಗಳಲ್ಲಿ ಟೈಪ್ ಮಾಡಿ ಬರೆದರು.

ಫ್ಯಾಮಿಕಾಂನ ಮುಂದಿನ ಪೀಳಿಗೆಯಾದ ಸೂಪರ್ ಫ್ಯಾಮಿಕಾಂ ಬಂದಾಗ ನಿಜವಾದ ವಾದ್ಯಗಳ ಧ್ವನಿ ಬಳಸುವ ಅವಕಾಶ ಸಿಕ್ಕಿತು. ಎಂಟು ದನಿ, 64 ಕಿಲೋಬೈಟ್ ಧ್ವನಿ ಮೆಮರಿ. 16 ಮಾದರಿಗಳನ್ನು (ಮಾದರಿ ಅಂದರೆ ಸ್ಯಾಂಪಲ್, ಅಲೆಯ ಎತ್ತರವನ್ನು ಒಂದು ಕ್ಷಣದಲ್ಲಿ ಅಳೆದ ಅಂಕಿ) 9 ಬೈಟ್‌ಗೆ ಅದುಮುವ ವ್ಯವಸ್ಥೆಯೂ ಇತ್ತು. ಸೆಕೆಂಡಿಗೆ 32,000 ಮಾದರಿಯಂತೆ ತುಂಬಿದರೆ ಆ ಮೆಮರಿ ಪೂರ್ತಿ ಸೇರಿ ಸುಮಾರು 3.6 ಸೆಕೆಂಡಿನ ಧ್ವನಿ. ಪಿಟೀಲು, ಡ್ರಮ್, ಕೊಳಲು, ಆಟದ ಸದ್ದುಗಳು, ನುಡಿಸುವ ಪ್ರೋಗ್ರಾಂ ಎಲ್ಲಕ್ಕೂ ಅಷ್ಟೇ ಜಾಗ! ಪ್ರತಿಧ್ವನಿ ಬೇಕೆಂದರೆ ಅದಕ್ಕೂ ಅಲ್ಲಿಂದಲೇ ಕಡಿತ. 16 ಮಿಲಿಸೆಕೆಂಡಿಗೆ 2 ಕಿಲೋಬೈಟ್‌ನಂತೆ, ಗರಿಷ್ಠ 240 ಮಿಲಿಸೆಕೆಂಡಿಗೆ 30 ಕಿಲೋಬೈಟ್. ಆ ಜಾಗವನ್ನು ತಪ್ಪಾಗಿ ಗುರುತಿಸಿದರೆ ಪ್ರತಿಧ್ವನಿ ಬಂದು ವಾದ್ಯಗಳ ಮೇಲೆಯೋ ಪ್ರೋಗ್ರಾಂ ಮೇಲೆಯೋ ಬರೆದುಕೊಂಡು ಹೋಗಿ, ಸಂಗೀತ ಕರ್ಕಶವಾಗಿ ಕುಸಿಯುತ್ತದೆ. ಸ್ವರವನ್ನು ಉದ್ದಕ್ಕೆ ಹಿಡಿಯಲು ವಾದ್ಯದ ತುಣುಕು ಕೊನೆಯಿಂದ ಹಿಂದಕ್ಕೆ ಸುತ್ತಿ ಮತ್ತೆ ಶುರುವಾಗುವ ಬಿಂದುವೂ 16 ಮಾದರಿಗಳ ಗುಣಕದಲ್ಲೇ ಬೀಳಬೇಕು. ಅಲೆಯ ಉದ್ದ ಅದಕ್ಕೆ ಹೊಂದದಿದ್ದರೆ ಟಿಕ್ ಟಿಕ್ ಸದ್ದು ಬರುತ್ತದೆ, ಇಲ್ಲವೇ ಶ್ರುತಿ ತಪ್ಪುತ್ತದೆ. ಹಾಗಾಗಿ ಮೊದಲು ಅಲೆಯನ್ನೇ ಹಿಗ್ಗಿಸಿ ಅಥವಾ ಕುಗ್ಗಿಸಿ 16ಕ್ಕೆ ಕೂರಿಸಬೇಕು.

1994ರ 'ಡಾಂಕಿ ಕಾಂಗ್ ಕಂಟ್ರಿ'ಯಲ್ಲಿ ನೀರೊಳಗಿನ ಹಂತಕ್ಕೆ ಡೇವಿಡ್ ವೈಸ್ ಕೊಟ್ಟ ಸಂಗೀತವನ್ನು ಈ ಲೆಕ್ಕ ಮನಸ್ಸಿನಲ್ಲಿಟ್ಟು ಕೇಳಬೇಕು. ಕಾರ್ಗ್ ವೇವ್‌ಸ್ಟೇಷನ್ ಎಂಬ ಕೀಬೋರ್ಡ್ ಪುಟ್ಟ ಅಲೆಗಳನ್ನು ಒಂದರ ಹಿಂದೊಂದು ಪೋಣಿಸಿ ನಿರಂತರ ಬದಲಾಗುವ ನಾದ ಹೊರಡಿಸುತ್ತಿತ್ತು. ವೈಸ್ ಅದೇ ತಂತ್ರವನ್ನು ಈ ಪುಟ್ಟ ಚಿಪ್‌ನಲ್ಲಿ ಕಟ್ಟಿದರು. ಕಿರಿದಾದ ಅಲೆತುಣುಕುಗಳನ್ನು ಹೊಲಿದು ತೆಗೆದ ಆ ತೇಲುವ ನಾದ ಇಡೀ ಆ ಕಾಲದ ಅತಿ ಚೆಲುವಾದ ಸಾಧನೆಗಳಲ್ಲಿ ಒಂದು.

ಸಿಡಿ ಬಂದ ಮೇಲೆ ಜಾಗದ ಚಿಂತೆ ಕಡಿಮೆಯಾಯಿತು, ಆದರೆ ಮುದ್ರಿಸಿದ ಸಂಗೀತಕ್ಕೆ ಆಟ ಏನಾಗುತ್ತಿದೆ ಎಂದು ಗೊತ್ತಿರುವುದಿಲ್ಲ. ಸೂಚನೆ ಓದಿ ನುಡಿಸುವ ಸಂಗೀತಕ್ಕೆ ಆಟಕ್ಕೆ ತಕ್ಕಂತೆ ಬದಲಾಗುವುದು ಸಲೀಸು. 1978ರ 'ಸ್ಪೇಸ್ ಇನ್ವೇಡರ್ಸ್'ನಲ್ಲೇ ಶತ್ರುಗಳು ಕಡಿಮೆಯಾದಷ್ಟೂ ನಾಲ್ಕು ಮಂದ್ರಸ್ವರಗಳ ಸುತ್ತು ಚುರುಕಾಗುತ್ತಿತ್ತು. 'ಸೂಪರ್ ಮಾರಿಯೋ ವರ್ಲ್ಡ್'ನಲ್ಲಿ ಮಾರಿಯೋ ತನ್ನ ಡೈನೋಸಾರ್ ಗೆಳೆಯ ಯೋಶಿಯ ಬೆನ್ನೇರಿದರೆ ಅದೇ ಹಾಡಿಗೆ ತಾಳವಾದ್ಯ ಸೇರಿಕೊಳ್ಳುತ್ತದೆ. ಮೈಕೆಲ್ ಲ್ಯಾಂಡ್ ಮತ್ತು ಪೀಟರ್ ಮೆಕ್‌ಕಾನೆಲ್ 1991ರ ಹೊತ್ತಿಗೆ ಲ್ಯೂಕಾಸ್ ಆರ್ಟ್ಸ್ ಎಂಬ ಗೇಮ್ ಕಂಪನಿಗಾಗಿ ಕಟ್ಟಿದ ಐಮ್ಯೂಸ್ ವ್ಯವಸ್ಥೆ, ಆಟಗಾರ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋದಾಗ ಧಾಟಿಯನ್ನು ತಾಳ ತಪ್ಪದಂತೆ ಬದಲಿಸುತ್ತಿತ್ತು.

ಮುದ್ರಿಸಿದ ಧ್ವನಿಯಲ್ಲಿ ಇದನ್ನು ಮಾಡಲು ಇಂದು ಪದರ ಪದರವಾಗಿ ಫೈಲುಗಳನ್ನು ಒಟ್ಟಿಗೆ ಓಡಿಸಿ, ಬೇಕಾದ ಪದರದ ದನಿ ಏರಿಸುತ್ತಾರೆ. ಇಲ್ಲಿ ಎಡವುವುದು ಉದ್ದದ ಲೆಕ್ಕದಲ್ಲಿ. ಸೆಕೆಂಡಿಗೆ 44,100 ಮಾದರಿ, ನಿಮಿಷಕ್ಕೆ 130 ಬಡಿತ ಎಂದುಕೊಳ್ಳಿ. ನಾಲ್ಕು ಬಡಿತದ ಒಂದು ಆವರ್ತಕ್ಕೆ 81,415.38 ಮಾದರಿ, ಎಂಟು ಆವರ್ತಕ್ಕೆ 6,51,323. ಡ್ರಮ್ ಫೈಲನ್ನು ಒಂದು ಆವರ್ತಕ್ಕೆ (81,415), ಧಾಟಿಯ ಫೈಲನ್ನು ಎಂಟಕ್ಕೆ ಕತ್ತರಿಸಿ ಎರಡನ್ನೂ ಸುತ್ತಲು ಬಿಟ್ಟರೆ ಪ್ರತಿ ಎಂಟು ಆವರ್ತಕ್ಕೆ ಮೂರು ಮಾದರಿ ಜಾರುತ್ತದೆ. ಒಂದು ಗಂಟೆ ಆಡಿದಾಗ ಅಂತರ 16 ಮಿಲಿಸೆಕೆಂಡ್ ದಾಟಿ, ಒಂದೇ ಪೆಟ್ಟು ಎರಡಾಗಿ ಕೇಳಿಸತೊಡಗುತ್ತದೆ. ವೇಗವನ್ನು 120, 125, 126 ಅಥವಾ 140ಕ್ಕೆ ಇಟ್ಟರೆ ಒಂದು ಬಡಿತಕ್ಕೆ ಪೂರ್ಣಸಂಖ್ಯೆಯೇ ಬರುತ್ತದೆ. 126ಕ್ಕೆ ಸರಿಯಾಗಿ 21,000.

ಫೈಲನ್ನು ಎಂಪಿ3ಯಲ್ಲಿ ಉಳಿಸಬೇಡಿ. ಅದು ಧ್ವನಿಯನ್ನು 1,152 ಮಾದರಿಗಳ ಕಂತುಗಳಲ್ಲಿ ಕಟ್ಟಿ, ಆಚೀಚೆ ಮೌನ ತುಂಬುತ್ತದೆ. ಸುತ್ತಿನ ಬೆಸುಗೆಯಲ್ಲಿ ಪ್ರತಿ ಸಲವೂ ಸಣ್ಣ ಮುಗ್ಗರಿಕೆ ಕೇಳಿಸುತ್ತದೆ. ಆಗ್ ವಾರ್ಬಿಸ್ ಎಂಬ ಇನ್ನೊಂದು ಫೈಲ್ ರೂಪ ನಿಖರ ಉದ್ದವನ್ನು ಉಳಿಸಿಕೊಳ್ಳುತ್ತದೆ. ಕೊನೆಯ ಸ್ವರದ ಅನುರಣನ ಸುತ್ತಿನ ಅಂಚಿನಲ್ಲಿ ಕಡಿದುಹೋಗದಿರಲು, ಹಾಡನ್ನು ಬೆನ್ನುಬೆನ್ನಿಗೆ ಎರಡು ಸಲ ನುಡಿಸಿ ಒಂದೇ ಧ್ವನಿ ಫೈಲಾಗಿ ಇಳಿಸಿಕೊಂಡು, ಎರಡನೇ ಸಲದ್ದನ್ನು ಕತ್ತರಿಸಿ ಬಳಸಿ. ಮೊದಲ ಸಲದ ಬಾಲ ಎರಡನೆಯದರ ತಲೆಯಲ್ಲಿ ಕೂತಿರುತ್ತದೆ. ಆದರೆ ಆಟ ಶುರುವಾದ ಕ್ಷಣಕ್ಕೆ ಇದೇ ಫೈಲ್ ಹಾಕಿದರೆ ಇನ್ನೂ ನುಡಿಯದ ಸ್ವರದ ಅನುರಣನ ಮೊದಲೇ ಕೇಳಿಸಿಬಿಡುತ್ತದೆ. ಆ ಒಂದು ಸಲಕ್ಕೆ ಮಾತ್ರ ಮೊದಲ ಸುತ್ತನ್ನು ಬೇರೆ ಫೈಲಾಗಿ ಇಟ್ಟುಕೊಂಡು, ಅದು ಮುಗಿದ ಮಾದರಿಯಲ್ಲೇ ಎರಡನೆಯದಕ್ಕೆ ದಾಟಿಸಬೇಕು.