ಆಂಬರ್ ಏಲ್‌ನ ಕೆಂಪು, ಡೆಂಕಣಿಕೋಟೆಯ ರಾಗಿ

ಬಿಯರ್ ಕಪ್ಪಗಿದ್ದಷ್ಟೂ ಕಿಕ್ ಜಾಸ್ತಿ ಅಂತ ಹೊಸೂರಿನಲ್ಲಿ ನಂಬುವವರು ಬೇಕಾದಷ್ಟಿದ್ದಾರೆ. ಸುಳ್ಳು. ಕಡುಕಪ್ಪಾದ ಐರಿಷ್ ಬಿಯರ್ ಗಿನ್ನೆಸ್ ಡ್ರಾಫ್ಟ್‌ನಲ್ಲಿ ಆಲ್ಕೋಹಾಲ್ ಶೇ. 4.2 ಅಷ್ಟೇ. ನಮ್ಮ ಕಡೆಯ ತಿಳಿಹಳದಿ ಸ್ಟ್ರಾಂಗ್ ಬಿಯರ್ ಅದನ್ನು ಸುಲಭವಾಗಿ ಮೀರಿಸುತ್ತದೆ. ಅಮಲು ಬರುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ ತಿಂದು ಆಲ್ಕೋಹಾಲ್ ಮಾಡಿದ ಸಕ್ಕರೆಯಿಂದ. ಬಣ್ಣದ ಕಥೆಯೇ ಬೇರೆ.

ಆ ಕಥೆಯ ಅರ್ಧ ಭಾಗ ಡೆಂಕಣಿಕೋಟೆ, ತಳಿ ಕಡೆಯ ಅಡುಗೆಮನೆಗಳಲ್ಲೇ ಇದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿಟ್ಟು, ಬಿಳಿ ಮೊಳಕೆ ಇಣುಕಿದ ಮೇಲೆ ಒಣಗಿಸಿ ಬೀಸುತ್ತಾರೆ ಅಲ್ವಾ? ಆ ಹಿಟ್ಟನ್ನು ಹುರಿಯದೆ ಒಂದು ಚಮಚ ತೆಗೆದು, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಗಟ್ಟಿ ಗಂಜಿಗೆ ಹಾಕಿ ಕಲಕಿ. ಸೌಟು ಬಿಡದೆ ಅಂಟಿಕೊಂಡಿದ್ದ ಗಂಜಿ ಕೆಲವೇ ನಿಮಿಷಗಳಲ್ಲಿ ಸಳಸಳ ಸುರಿಯುತ್ತದೆ. ಮೊಳಕೆಯಲ್ಲಿ ಹುಟ್ಟಿದ ಅಮೈಲೇಸ್ ಎಂಬ ಕಿಣ್ವ ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿದೆ. ಹಿಟ್ಟನ್ನು ಘಮ್ಮೆನ್ನುವ ಹಾಗೆ ಹುರಿದಿದ್ದರೆ ಗಂಜಿ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಕಿಣ್ವ ಬಾಣಲೆಯಲ್ಲೇ ಕೆಟ್ಟಿರುತ್ತದೆ.

1833ರಲ್ಲಿ ಪಯೆನ್ ಮತ್ತು ಪೆರ್ಸೋ ಎಂಬ ಫ್ರೆಂಚ್ ರಸಾಯನ ವಿಜ್ಞಾನಿಗಳು ಈ ಕಿಣ್ವವನ್ನು ಮಾಲ್ಟ್‌ನಿಂದ, ಅಂದರೆ ಮೊಳೆಸಿ ಒಣಗಿಸಿದ ಬಾರ್ಲಿಯಿಂದ, ಬೇರ್ಪಡಿಸಿದರು. ಯೀಸ್ಟ್‌ಗೆ ಜೀವ ಇದೆಯೋ ಇಲ್ಲವೋ ಅಂತ ಪಂಡಿತರು ಇನ್ನೂ ಒಪ್ಪಿರದ ಕಾಲ ಅದು!

ಆಂಬರ್ ಏಲ್ ಎಂಬ ಕೆಂಪು ಬಿಯರ್‌ಗೆ ಬಣ್ಣ ಕೊಡುವ ಕ್ರಿಸ್ಟಲ್ ಮಾಲ್ಟ್‌ನ ಜಾಣತನ ಇರುವುದು ಕಾಯಿಸುವ ಕ್ರಮದಲ್ಲಿ. ಮೊಳೆತ ಬಾರ್ಲಿಯನ್ನು ಒಣಗಿಸದೆ, ಹಸಿಯಾಗಿರುವಾಗಲೇ ಮುಚ್ಚಿದ ಡ್ರಮ್‌ನಲ್ಲಿ 65–70 ಡಿಗ್ರಿಗೆ ಬೆಚ್ಚಗೆ ಇಡುತ್ತಾರೆ. ಕಿಣ್ವ ಸಿಪ್ಪೆಯೊಳಗೇ ಪಿಷ್ಟವನ್ನು ಸಕ್ಕರೆ ಮಾಡಿಬಿಡುತ್ತದೆ. ಆಮೇಲೆ ಜೋರು ಶಾಖ. ಈಗ ಕಿಣ್ವ ಕೆಟ್ಟರೂ ಚಿಂತೆಯಿಲ್ಲ, ಅದರ ಕೆಲಸ ಮುಗಿದಿದೆ. ಸಕ್ಕರೆಯೂ ಅಮೈನೋ ಆಮ್ಲವೂ ಕೂಡಿ ಕೆಂಪಾಗುತ್ತವೆ. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಮೈಯಾರ್ ವಿವರಿಸಿದ ಕ್ರಿಯೆ ಇದು. ಕಾಳೊಂದನ್ನು ಕಚ್ಚಿ ನೋಡಿ: ಒಳಗೆ ಹಿಟ್ಟಿಲ್ಲ, ಗಟ್ಟಿಯಾದ ಪಾಕ ಕಟ್ ಅನ್ನುತ್ತದೆ. ಇದರಲ್ಲಿ ಒಂದಷ್ಟು ಭಾಗ ಯೀಸ್ಟ್‌ಗೆ ದಕ್ಕುವುದಿಲ್ಲ. ಅದೇ ಬಿಯರ್‌ನಲ್ಲಿ ಸಿಹಿಯಾಗಿ ಉಳಿಯುತ್ತದೆ.

ಮಿಕ್ಕದ್ದು, ಅಂದರೆ ಬಿಯರ್ ಮಾಡುವುದು, ಸುಲಭ. ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ ಅಂದರೆ ಪಿಷ್ಟ ಸಕ್ಕರೆಯಾಗುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುವ ಪುಡಿ ಅಥವಾ ಪಾಕ. 20 ಲೀಟರಿಗೆ ಸುಮಾರು 3 ಕೆಜಿ ಪುಡಿ, ಅರ್ಧ ಕೆಜಿ ಕ್ರಿಸ್ಟಲ್ ಮಾಲ್ಟ್. ಕಾಳನ್ನು ತರಿತರಿಯಾಗಿ ಒಡೆದು, ಬಟ್ಟೆಯಲ್ಲಿ ಕಟ್ಟಿ, 65–70 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆ ಬಿಡುತ್ತಾರೆ. ಕುದಿಸಿದರೆ ಸಿಪ್ಪೆಯ ಒಗರು ಇಳಿಯುತ್ತದೆ. ಗಂಟು ತೆಗೆದು, ಪುಡಿ ಕರಗಿಸಿ, ಕಹಿ ಕೊಡುವ ಹಾಪ್ಸ್ ಎಂಬ ಹೂ ಹಾಕಿ ಒಂದು ಗಂಟೆ ಕುದಿಸಿ, 20 ಡಿಗ್ರಿಗೆ ತಣಿಸಿ ಯೀಸ್ಟ್ ಬೆರೆಸುವುದು.

ಓದಿ ಖುಷಿಯಾಗಿ ಪಾತ್ರೆ ಇಡಬೇಡಿ ಮತ್ತೆ. ಪರವಾನಗಿ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವುದು ತಮಿಳುನಾಡಿನ 1937ರ ಪಾನನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಗಂಜಿ ತೆಳು ಮಾಡುವುದಕ್ಕೆ ಮಾತ್ರ ಯಾರ ಅಡ್ಡಿಯೂ ಇಲ್ಲ.