ಪಾಸ್‌ಬುಕ್ಕಿನಲ್ಲಿ 436 ರೂಪಾಯಿ

ದುಡ್ಡು ಎಲ್ಲಿ ಹಾಕಿದರೆ ಒಳ್ಳೆಯದು ಸಾರ್ ಅಂತ ಕೇಳಿಕೊಂಡು ಬರುವವರೇ ಜಾಸ್ತಿ. ತೆರಿಗೆ ಲೆಕ್ಕ ನೋಡುವವನಾದ ನಾನು ತಿರುಗಿ ಕೇಳುವುದು ಒಂದೇ. ಇಷ್ಟು ದಿನ ಹಾಕಿರುವುದು ಎಲ್ಲೆಲ್ಲಿದೆ ಅಂತ ಮನೆಯವರಿಗೆ ಗೊತ್ತಾ? ಗಂಡ ಹೆಂಡತಿ ಜೊತೆಯಲ್ಲೇ ಬಂದಿದ್ದರೆ "ಅದೆಲ್ಲ ಇವರೇ ನೋಡ್ಕೋತಾರೆ" ಅನ್ನುವ ಉತ್ತರ ಬರುತ್ತದೆ. ನಂಬಿಕೆಯ ಮಾತೇ, ಒಪ್ಪುತ್ತೇನೆ. ಆದರೆ ಮನೆಯ ಲೆಕ್ಕವೆಲ್ಲ ಒಬ್ಬರ ತಲೆಯಲ್ಲೇ ಇದ್ದರೆ, ಅವರು ಆಸ್ಪತ್ರೆ ಸೇರಿದ ದಿನ ಉಳಿದವರು ಕಂಗಾಲು.

ಯಜಮಾನರು ತೀರಿಕೊಂಡ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ತುಂಬಿಕೊಂಡು ಬರುವ ಹೆಣ್ಣುಮಕ್ಕಳನ್ನು ನೋಡುತ್ತಲೇ ಇರುತ್ತೇನೆ. ಕರೆಂಟ್ ಬಿಲ್ಲು, ಕಂದಾಯದ ರಸೀದಿ, ಹಳೇ ಚೀಟಿ ಪುಸ್ತಕ, ಎಲ್ಲಾ ಒಟ್ಟಿಗೆ. ನಾನು ಮೊದಲು ಹುಡುಕುವುದು ಬ್ಯಾಂಕ್ ಪಾಸ್‌ಬುಕ್. ಅದರಲ್ಲೂ ಮೇ ಕೊನೆಯ ವಾರದ ಸಾಲುಗಳು. ಅಲ್ಲಿ 436 ರೂಪಾಯಿ ಕಳೆದಿದ್ದರೆ ಅದು ಕೇಂದ್ರ ಸರ್ಕಾರದ ಜೀವನ್ ಜ್ಯೋತಿ ಅನ್ನುವ ಜೀವವಿಮೆಯ ವರ್ಷದ ಕಂತು. ಪಕ್ಕದಲ್ಲೇ 20 ರೂಪಾಯಿ ಇದ್ದರೆ ಅದು ಸುರಕ್ಷಾ ವಿಮೆ, ಅಪಘಾತದ್ದು. "ಬ್ಯಾಂಕಿನವರು ಸುಮ್ನೆ ಏನೋ ಕಟ್ ಮಾಡ್ಕೋತಾರೆ" ಅಂತ ಎಷ್ಟೋ ಜನ ಗೊಣಗುವ ಸಾಲು ಅದೇ. ಮೊದಲನೆಯದರಲ್ಲಿ ಸಾವು ಹೇಗೇ ಬಂದಿರಲಿ, 2 ಲಕ್ಷ ಬರುತ್ತದೆ. 50 ವರ್ಷದೊಳಗೆ ಸೇರಿದರೆ 55ರವರೆಗೆ ನಡೆಯುತ್ತದೆ. ಎರಡನೆಯದು 70 ವರ್ಷದವರೆಗೆ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಹಾವು ಕಚ್ಚಿದ್ದು, ಮರದಿಂದ ಬಿದ್ದದ್ದೂ ಇದರಲ್ಲಿ ಸೇರುತ್ತದೆ, ಆದರೆ ಆಸ್ಪತ್ರೆಯ ದಾಖಲೆ ಬೇಕು. ಅಡಿಕೆ ಮರ ಹತ್ತುವವರ ಮನೆಯಲ್ಲಿ ಇದು ಗೊತ್ತಿರಲೇಬೇಕು. ಗೊತ್ತಿಲ್ಲದಿದ್ದರೆ ಯಾರೂ ಕೇಳಲು ಹೋಗುವುದಿಲ್ಲ, ಬ್ಯಾಂಕೂ ಮನೆ ಬಾಗಿಲಿಗೆ ಬರುವುದಿಲ್ಲ.

ಇನ್ನು ನಾಮಿನಿ. ನಾಮಿನಿ ಹೆಸರಿದ್ದರೆ ದುಡ್ಡು ಅವರದ್ದೇ ಅಂದುಕೊಂಡಿರುವವರು ಬಹಳ. ಬ್ಯಾಂಕ್ ಠೇವಣಿಯಲ್ಲಿ ನಾಮಿನಿ ಹಣ ಪಡೆದುಕೊಳ್ಳುವವರು ಅಷ್ಟೇ, ಹಕ್ಕು ವಾರಸುದಾರರದ್ದು. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ಮದುವೆಗೆ ಮುಂಚೆ ತೆರೆದ ಖಾತೆಯಲ್ಲಿ ಅಮ್ಮನ ಹೆಸರು, ಆಮೇಲೆ ಯಾರೂ ಬದಲಾಯಿಸಿಲ್ಲ. ಅತ್ತೆ ಸೊಸೆ ಮಾತು ಬಿಡಲು ಇಷ್ಟು ಸಾಕು, ಅಲ್ವಾ? 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ಕು ಜನರವರೆಗೂ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಪಾಲು ಅಂತಲೂ ಬರೆಯಬಹುದು. ಆದರೆ ಯಾರಿಗೆ ಏನು ಸೇರಬೇಕು ಅಂತ ಮನಸ್ಸಿನಲ್ಲಿದ್ದರೆ ವಿಲ್ ಬರೆಯುವುದೇ ಸರಿ. ಬಿಳಿ ಹಾಳೆ ಸಾಕು, ಇಬ್ಬರು ಸಾಕ್ಷಿಗಳ ಸಹಿ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು.

ಆಸ್ತಿ ಮುಚ್ಚಿಟ್ಟರೆ ಇಷ್ಟಾಯಿತು. ಸಾಲ ಮುಚ್ಚಿಟ್ಟರೆ ಸಂಸಾರವೇ ಕಹಿಯಾಗುತ್ತದೆ. ಕೈಸಾಲ, ಸಂಘದ ಸಾಲ, ಚಿನ್ನ ಅಡವಿಟ್ಟದ್ದು ಹೇಗೋ ಒಂದು ದಿನ ಹೊರಗೆ ಬರುತ್ತವೆ. ಕೊನೆತನಕ ಗೊತ್ತಾಗದೆ ಉಳಿಯುವುದು ಜಾಮೀನು. ಗೆಳೆಯನ ಸಾಲಕ್ಕೆ ಹಾಕಿದ ಸಹಿ "ಸುಮ್ನೆ ಫಾರ್ಮಾಲಿಟಿ" ಅಲ್ಲ. ಕಾನೂನಿನ ಪ್ರಕಾರ ಅವನ ಹೊಣೆ ಎಷ್ಟೋ ನಿಮ್ಮದೂ ಅಷ್ಟೇ. ಬ್ಯಾಂಕಿನ ನೋಟಿಸು ಮನೆಗೆ ಬಂದ ದಿನ ಹೆಂಡತಿಗೆ ನೋಯುವುದು ಸಾಲದಿಂದಲ್ಲ, ಒಂದು ಮಾತು ಹೇಳಲಿಲ್ಲವಲ್ಲ ಅನ್ನುವುದರಿಂದ. ನನ್ನ ಎದುರೇ ಕೂತು ಅತ್ತವರಿದ್ದಾರೆ.

ನಾನು ಹೇಳುವುದು ದೊಡ್ಡ ಕೆಲಸವೇನಲ್ಲ. ಸಂಬಳ ಬಂದ ವಾರದಲ್ಲಿ ಒಂದು ಸಂಜೆ ಟಿವಿ ಆಫ್ ಮಾಡಿ ಇಬ್ಬರೂ ಕೂರಿ. ಹತ್ತನೇ ಕ್ಲಾಸ್ ದಾಟಿದ ಮಕ್ಕಳಿದ್ದರೆ ಅವರೂ ಇರಲಿ, ಮನೆ ಬಾಡಿಗೆ ಎಷ್ಟು ಅಂತ ಅವರಿಗೂ ತಿಳಿಯಲಿ. ಒಂದು ನೋಟ್‌ಬುಕ್ಕಿನಲ್ಲಿ ಯಾವ ಬ್ಯಾಂಕು, ಯಾವ ವಿಮೆ, ಯಾರಿಗೆ ಕೊಡಬೇಕು, ಯಾರಿಂದ ಬರಬೇಕು ಅಂತ ಬರೆಯಿರಿ. ಪಿನ್ನು, ಪಾಸ್‌ವರ್ಡ್ ಅದರಲ್ಲಿ ಬೇಡ. ಇಬ್ಬರ ಹೆಸರಿನಲ್ಲಿ, ಇಬ್ಬರಲ್ಲಿ ಯಾರು ಬೇಕಾದರೂ ನಡೆಸುವಂಥ ಒಂದು ಖಾತೆ ಇರಲಿ, ಎರಡು ಮೂರು ತಿಂಗಳ ಮನೆಖರ್ಚು ಅದರಲ್ಲಿರಲಿ. ಮೊದಲ ಸಲ ಕೂತಾಗ ಜಗಳ ಆಗಬಹುದು. ಆಗಲಿ ಬಿಡಿ, ಆಮೇಲೆ ಕಡಿಮೆಯಾಗುತ್ತದೆ.

ಹಾಗೇ ಬರೆಯುವಾಗ ಪ್ರತಿ ಖಾತೆಗೂ ಯಾವ ಮೊಬೈಲ್ ನಂಬರ್ ಜೋಡಿಸಿದೆ ಅಂತ ನೋಡಿ. ಅಪ್ಪನ ಖಾತೆಗೆ ಮಗನ ಹಳೇ ನಂಬರ್ ಇರುತ್ತದೆ. ರೀಚಾರ್ಜ್ ನಿಲ್ಲಿಸಿದ ನಂಬರನ್ನು ಕಂಪನಿ ಸ್ವಲ್ಪ ದಿನ ಬಿಟ್ಟು ಬೇರೆಯವರಿಗೆ ಕೊಡುತ್ತದೆ, ನಿಮ್ಮ ಒಟಿಪಿ ಅವರಿಗೆ ಹೋಗುತ್ತದೆ. ಮುಂದಿನ ಸಲ ಬ್ಯಾಂಕಿಗೆ ಹೋದಾಗ ನಂಬರ್ ಬದಲಾಯಿಸುವ ಅರ್ಜಿ, ನಾಮಿನಿ ಅರ್ಜಿ ಎರಡನ್ನೂ ಒಟ್ಟಿಗೇ ಕೊಟ್ಟು, ಸೀಲು ಹಾಕಿದ ಸ್ವೀಕೃತಿ ತೆಗೆದುಕೊಂಡು ಬನ್ನಿ.