ಮೌಂಟ್ ಹೋಲಿಯೋಕ್ ಹುಡುಗೀರ ದಿನಚರಿ ಮತ್ತು ಅವರ ಹೆಮ್ಮೆ: ನನ್ನ ನೋಟ್ಸ್

ಮೌಂಟ್ ಹೋಲಿಯೋಕ್ ಅಂದ್ರೆ ಅಮೆರಿಕಾದಲ್ಲಿ ಮೇರಿ ಲಯಾನ್ 1837ರಲ್ಲಿ ಶುರು ಮಾಡಿದ ಹುಡುಗೀರ ಕಾಲೇಜು. ಮಹಿಳಾ ಶಿಕ್ಷಣದ ಚರಿತ್ರೆ ಓದುವಾಗ ಈ ಭಾಗನ ತುಂಬಾ ಜನ 1837, ಮೇರಿ ಲಯಾನ್, ಮ್ಯಾಸಚೂಸೆಟ್ಸ್‌ನ ಸೌತ್ ಹ್ಯಾಡ್ಲಿ ಅಂತ ಬರ್ಕೊಂಡು ಮುಂದೆ ಹೋಗ್ಬಿಡ್ತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ. ಅಲ್ಲಿ ಓದ್ತಿದ್ದ ಹುಡುಗೀರು ದಿನ ಹೇಗೆ ಕಳೀತಿದ್ರು ಅಂತ ಗೊತ್ತಾದ್ರೆ ಆ ಕಾಲೇಜಿನ ಬಗ್ಗೆ ಅವ್ರಿಗೆ ಅಷ್ಟು ಅಭಿಮಾನ ಯಾಕೆ ಅನ್ನೋದು ತಾನಾಗೇ ಅರ್ಥ ಆಗುತ್ತೆ.

ಮೊದಲು ದುಡ್ಡಿನ ವಿಷ್ಯ. ಮೇರಿ ಲಯಾನ್ ಒಂದು ಹಸಿರು ಚೀಲ ಹಿಡ್ಕೊಂಡು ಊರೂರು ತಿರುಗಿ ಚಂದಾ ಎತ್ತಿದ್ರು, 6 ಸೆಂಟ್ ಕೊಟ್ಟೋರೂ ಇದ್ರು. ಊಟ, ವಸತಿ, ಪಾಠ ಎಲ್ಲಾ ಸೇರಿ ವರ್ಷಕ್ಕೆ 60 ಡಾಲರ್. ರೈತರ ಮನೆ ಹುಡುಗೀರೂ ಬರ್ಬೇಕು ಅನ್ನೋದು ಅವ್ರ ಹಟ, ಅದಕ್ಕೇ ಕೆಲಸದೋರನ್ನ ಇಡ್ಲೇ ಇಲ್ಲ, ಅಡುಗೆ ಮಾಡೋದು ಕಸ ಗುಡಿಸೋದು ಬಟ್ಟೆ ಒಗೆಯೋದು ಎಲ್ಲಾನೂ ವಿದ್ಯಾರ್ಥಿನಿಯರೇ ಹಂಚ್ಕೊಂಡು ದಿನಕ್ಕೆ ಒಂದು ಗಂಟೆ ಹತ್ರ ಮಾಡ್ತಿದ್ರು.

ಇಲ್ಲೇ ಎಲ್ರೂ ತಪ್ಪೋದು, ಅಂಡರ್‌ಲೈನ್ ಮಾಡ್ಕೊಳ್ಳಿ. ಮನೆಕೆಲಸ ಕಲಿಸೋಕೆ ಕಟ್ಟಿದ ಶಾಲೆ ಅಲ್ಲ ಇದು. ಮನೆಕೆಲಸ ಮನೇಲಿ ತಾಯಿ ಹತ್ರ ಕಲೀಬೇಕು, ಇಲ್ಲಿ ಅದು ಖರ್ಚು ಕಡಿಮೆ ಮಾಡೋಕೆ ಮಾತ್ರ ಅಂತ ಲಯಾನ್ ಸ್ಪಷ್ಟವಾಗಿ ಹೇಳಿದ್ರು. ಓದು ಬಹಳ ಗಟ್ಟಿ ಇತ್ತು, ಸೇರೋಕೆ ಪರೀಕ್ಷೆ, ಆಮೇಲೆ ಗಣಿತ, ಸಸ್ಯಶಾಸ್ತ್ರ, ಕೆಮಿಸ್ಟ್ರಿ. ಕೆಮಿಸ್ಟ್ರಿ ಪಾಠನ ಲಯಾನ್ ಅವರೇ ಮಾಡ್ತಿದ್ರು.

ದಿನಚರಿಗೆ ಒಳ್ಳೇ ಆಧಾರ ಕವಯಿತ್ರಿ ಎಮಿಲಿ ಡಿಕಿನ್ಸನ್, 1847ರಲ್ಲಿ 16ನೇ ವಯಸ್ಸಲ್ಲಿ ಸೇರಿದೋಳು, ಗೆಳತಿಗೆ ಬರೆದ ಕಾಗದದಲ್ಲಿ ಎಲ್ಲಾ ಹೇಳಿದಾಳೆ. ಬೆಳಿಗ್ಗೆ 6ಕ್ಕೆ ಏಳೋದು, 7ಕ್ಕೆ ತಿಂಡಿ, 8ಕ್ಕೆ ಓದು, 9ಕ್ಕೆ ಪ್ರಾರ್ಥನೆ, ಆಮೇಲೆ ಪಾಠ ಒಪ್ಪಿಸೋದು, 12ಕ್ಕೆ ವ್ಯಾಯಾಮ, ಮಧ್ಯಾಹ್ನ ಹಾಡು, ಪಿಯಾನೊ, ಸಂಜೆ ಮತ್ತೆ ಲಯಾನ್ ಉಪದೇಶ, ರಾತ್ರಿ ಮೌನವಾಗಿ ಓದು, 8:45ಕ್ಕೆ ಮಲಗೋ ಗಂಟೆ. ಅವಳ ಪಾಲಿನ ಕೆಲಸ ಊಟದ ಟೇಬಲ್ಲಿನ ಚಾಕುಗಳದ್ದು: ಬೆಳಿಗ್ಗೆ ಮಧ್ಯಾಹ್ನ ಎತ್ಕೊಂಡು ಹೋಗೋದು, ರಾತ್ರಿ ತೊಳೆದು ಒರೆಸೋದು. ನಂಗೆ ಈ ಚಾಕು ವಿಷ್ಯ ತುಂಬಾ ಇಷ್ಟ, ಅಷ್ಟು ದೊಡ್ಡ ಕವಿ ದಿನಾ ಕೂತು ಚಾಕು ಒರೆಸ್ತಿದ್ಲು ಅಂದಾಗ ಆ ಕಾಲೇಜು ಕಣ್ಮುಂದೆ ಬರುತ್ತೆ.

ಕಷ್ಟದ ಮುಖಾನೂ ಇದೆ. ತಡವಾಗಿ ಬಂದಿದ್ದು, ಮೌನದ ಹೊತ್ತಲ್ಲಿ ಮಾತಾಡಿದ್ದು, ರೂಮಿಗೆ ಯಾರನ್ನಾದ್ರೂ ಕರೆಸ್ಕೊಂಡಿದ್ದು, ಇವನ್ನೆಲ್ಲಾ ದಿನಾ ತಾವೇ ಎಲ್ರ ಮುಂದೆ ಒಪ್ಕೋಬೇಕಿತ್ತು. ಧರ್ಮದ ಒತ್ತಡ ಇನ್ನೂ ಹೆಚ್ಚು, ಕ್ರಿಸ್ತನಲ್ಲಿ ಗಟ್ಟಿ ನಂಬಿಕೆ ಇರೋರು, ನಂಬೋ ಆಸೆ ಇರೋರು, ಆ ಆಸೆಯೂ ಇಲ್ಲದೋರು ಅಂತ ಹುಡುಗೀರನ್ನ ಮೂರು ಗುಂಪು ಮಾಡ್ತಿದ್ರು. ಡಿಕಿನ್ಸನ್ ಮೂರನೇ ಗುಂಪಲ್ಲೇ ಉಳಿದ್ಲು, 1848ರಲ್ಲಿ ಮನೆಗೆ ಹೋದೋಳು ವಾಪಸ್ ಬರ್ಲಿಲ್ಲ. ನನ್ನ ಪ್ರಕಾರ ಇದು ನಿಜವಾಗ್ಲೂ ಕಠಿಣ ವ್ಯವಸ್ಥೆ, ಉತ್ತರ ಬರೆಯುವಾಗ ಬಿಡ್ಬೇಡಿ.

ಇಷ್ಟಿದ್ರೂ ಅಭಿಮಾನ ಬೆಳೀತು. 1838ರಲ್ಲೇ ಮೌಂಟನ್ ಡೇ ಶುರು ಮಾಡಿದ್ರು, ವರ್ಷಕ್ಕೊಂದು ದಿನ ಪಾಠ ನಿಲ್ಲಿಸಿ ಹತ್ತಿರದ ಹೋಲಿಯೋಕ್ ಬೆಟ್ಟ ಹತ್ತೋದು, ಕಾಲೇಜಿನ ಹೆಸರೂ ಆ ಬೆಟ್ಟದ್ದೇ. ಇಲ್ಲಿ ಓದಿ ಮುಗಿಸಿದೋರ ಸುದ್ದಿಯಂತೂ ದೊಡ್ಡ ಹೆಮ್ಮೆ: ಫಿಡೆಲಿಯಾ ಫಿಸ್ಕ್ 1843ರಲ್ಲಿ ಪರ್ಷಿಯಾಕ್ಕೆ ಹೋಗಿ ಉರ್ಮಿಯಾದಲ್ಲಿ ಹುಡುಗೀರ ಶಾಲೆ ನಡೆಸಿದ್ರು, ಇಲ್ಲೇ ಓದಿದ ಲಿಡಿಯಾ ಶಾಟಕ್ ಇಲ್ಲೇ ಸಸ್ಯಶಾಸ್ತ್ರದ ಟೀಚರ್ ಆದ್ರು.

ಲಯಾನ್ 1849ರಲ್ಲಿ ತೀರ್ಕೊಂಡ್ರು. ಶುರುವಲ್ಲಿ ಇದರ ಹೆಸರಲ್ಲಿ ಇದ್ದಿದ್ದು ಸೆಮಿನರಿ (ಆಗ ಹುಡುಗೀರ ಮೇಲ್ಮಟ್ಟದ ಶಾಲೆಗೆ ಹೇಳ್ತಿದ್ದ ಪದ). ಕಾಲೇಜು ಅನ್ನೋ ಪದ ಹೆಸರಿಗೆ ಸೇರಿದ್ದು 1888ರಲ್ಲಿ, 1893ರಲ್ಲಿ ಸೆಮಿನರಿ ಅನ್ನೋದು ಪೂರ್ತಿ ಹೋಯ್ತು. 1896 ಸೆಪ್ಟೆಂಬರ್ 27ಕ್ಕೆ ಬೆಂಕಿ ಬಿದ್ದು, ಅಷ್ಟು ವರ್ಷ ಹುಡುಗೀರೇ ಗುಡಿಸಿ ಒರೆಸಿ ಇಟ್ಕೊಂಡಿದ್ದ ಮುಖ್ಯ ಕಟ್ಟಡ ಸುಟ್ಟೋಯ್ತು. ಸೌತ್ ಹ್ಯಾಡ್ಲಿ ಜನ ತಮ್ಮ ಮನೆಗಳಲ್ಲಿ ಜಾಗ ಕೊಟ್ರು, ಅಲ್ಲೇ ಉಳ್ಕೊಂಡು ಹುಡುಗೀರು ಓದು ಮುಂದುವರಿಸಿದ್ರು.